ಆರದ ಒಲೆಯ ಒಡೆಯರು: ರಾಮಲಿಂಗ ವಳ್ಳಲಾರ್

ರಾಜ್ಯೋತ್ಸವದ ಸಂಚಿಕೆಯಲ್ಲಿ ಕನ್ನಡ ನಾಡಿನ ಮಹನೀಯರನ್ನು ನೆನೆಯುವುದು ವಾಡಿಕೆ. ಈ ಸಲ ನಾವು ತಮಿಳು ಸಂತರೊಬ್ಬರನ್ನು ನೆನೆಯಲು ಹೊರಟಿದ್ದೇವೆ. ವಾಚಕರು ಇದಕ್ಕೆ ಆಕ್ಷೇಪಿಸಲಾರರೆಂದು ನಂಬಿದ್ದೇವೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ತಿರುವೊಟ್ಟಿಯೂರಿಗೆ ಬಂದವರು ನಾವು. ಇಲ್ಲಿಯ ತ್ಯಾಗರಾಜಸ್ವಾಮಿ ದೇವಾಲಯಕ್ಕೆ, ವಡಿವುಡೈ ಅಮ್ಮನವರ ಸನ್ನಿಧಿಗೆ, ಪಟ್ಟಣದಿಂದ ಮತ್ತೆ ಮತ್ತೆ ನಡೆದು ಬರುತ್ತಿದ್ದ ಹುಡುಗನೊಬ್ಬನು ಮುಂದೆ ಅನ್ನದ ವಿಷಯದಲ್ಲಿ ಜನಕ್ಕೆಲ್ಲ ಗುರುವಾದನು. ಅವರೇ ವಳ್ಳಲಾರ್ ಎಂದು ಹೆಸರಾದ ರಾಮಲಿಂಗ ಸ್ವಾಮಿಗಳು. ವಳ್ಳಲ್ ಎಂದರೆ ತಮಿಳಿನಲ್ಲಿ ಮಹಾದಾನಿ ಎಂದರ್ಥ.

ರಾಮಲಿಂಗರು 1823ನೆಯ ಇಸವಿ ಅಕ್ಟೋಬರ್ 5ರಂದು ಚಿದಂಬರದ ಸಮೀಪದ ಮರುದೂರಿನಲ್ಲಿ ಜನಿಸಿದರು. ತಂದೆ ರಾಮಯ್ಯನವರು, ತಾಯಿ ಚಿನ್ನಮ್ಮೈಯವರು. ಐವರು ಮಕ್ಕಳಲ್ಲಿ ಇವರೇ ಕಡೆಯವರು. ಕೂಸಿಗೆ ವರ್ಷ ತುಂಬುವ ಮುನ್ನವೇ ತಂದೆ ತೀರಿಕೊಂಡರು. ಸಂಸಾರವು ಮದರಾಸಿಗೆ ಬಂದು ಏಳುಕಿಣರು ಪ್ರದೇಶದಲ್ಲಿ ನೆಲೆಸಿತು. ಪುರಾಣ ಪ್ರವಚನ ಮಾಡುತ್ತಿದ್ದ ಹಿರಿಯಣ್ಣ ಸಭಾಪತಿಯವರ ಮೇಲೆ ಮನೆಯ ಭಾರವೆಲ್ಲ ಬಿತ್ತು. ಊರು ಬಿಟ್ಟು ಪಟ್ಟಣ ಸೇರಿದ ಸಂಸಾರದ ಕಷ್ಟವೇನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗನಿಗೆ ಪಾಠಶಾಲೆ ಹಿಡಿಸಲಿಲ್ಲ. ದೇವಸ್ಥಾನಗಳಲ್ಲಿಯೇ ಹೊತ್ತು ಕಳೆಯುತ್ತಿದ್ದನು. ಸಿಟ್ಟಾದ ಅಣ್ಣನವರು ಅವನಿಗೆ ಮನೆಯಲ್ಲಿ ಊಟ ಹಾಕಕೂಡದೆಂದು ಕಟ್ಟಪ್ಪಣೆ ಮಾಡಿದರಂತೆ. ಅತ್ತಿಗೆಯು ಗಂಡನ ಕಣ್ಣು ತಪ್ಪಿಸಿ ಮೈದುನನಿಗೆ ಅನ್ನವಿಕ್ಕುತ್ತಿದ್ದಳಂತೆ. ಮಾವನವರ ತಿಥಿಯ ದಿನ, ಮನೆತುಂಬ ಜನ ಉಣ್ಣುತ್ತಿರುವಾಗ ಈ ಮಗು ಹೊರಗಿನವನಂತೆ ಬಂದು ನಿಂತುದನ್ನು ಕಂಡು ಆಕೆ ಕಣ್ಣೀರಿಟ್ಟಳೆಂದು ಹೇಳುತ್ತಾರೆ. ಇನ್ನೊಂದು ಕಥೆ ನಮ್ಮ ತಿರುವೊಟ್ಟಿಯೂರಿನದೇ. ಒಂದು ರಾತ್ರಿ ಇಲ್ಲಿಂದ ತಡವಾಗಿ ಹಿಂದಿರುಗಿದ ರಾಮಲಿಂಗರು ಮನೆಯವರ ನಿದ್ದೆ ಕೆಡಿಸಲಾರದೆ ಹಸಿದೇ ಜಗಲಿಯ ಮೇಲೆ ಮಲಗಿದರು. ಆಗ ವಡಿವುಡೈ ಅಮ್ಮನವರು ಅತ್ತಿಗೆಯ ರೂಪದಲ್ಲಿ ಬಂದು ಎಬ್ಬಿಸಿ ಉಣಬಡಿಸಿದರೆಂದು ಪ್ರತೀತಿ. ಪವಾಡವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಬರಿಯ ಹೊಟ್ಟೆಯಲ್ಲಿ ಮಲಗಿದ ಆ ಹುಡುಗನು ಹಸಿವನ್ನು ಕಡೆಯವರೆಗೂ ಮರೆಯಲಿಲ್ಲವೆಂಬುದಂತೂ ನಿಜ.

ಸುಮಾರು ಮೂವತ್ತೈದರ ವಯಸ್ಸಿನಲ್ಲಿ ಅವರು ಪಟ್ಟಣವನ್ನು ಬಿಟ್ಟು ಹಳ್ಳಿಗಾಡಿಗೆ ಹೊರಟರು. ವಡಲೂರಿನ ಸಮೀಪದ ಕರುಂಗುಳಿಯಲ್ಲಿ ಹಲವು ವರ್ಷ ಇದ್ದರು. 1865ರಲ್ಲಿ ಸನ್ಮಾರ್ಗ ಸಂಘವನ್ನು ಸ್ಥಾಪಿಸಿದರು. ಪಾರ್ವತೀಪುರವೆಂಬ ವಡಲೂರಿನ ರೈತರು ಸುಮಾರು 80 ಕಾಣಿ ಭೂಮಿಯನ್ನು ದಾನವಾಗಿ ಕೊಟ್ಟರು. ಅಲ್ಲಿ 1867ನೆಯ ಇಸವಿ ಮೇ 23ರಂದು ಸತ್ಯ ಧರ್ಮಶಾಲೆ ಆರಂಭವಾಯಿತು. ಹಸಿದು ಬಂದವರಿಗೆಲ್ಲ ಅನ್ನವಿಕ್ಕುವುದು ಅಲ್ಲಿಯ ಏಕಮಾತ್ರ ವ್ರತ. ಅಂದು ಹೊತ್ತಿಸಿದ ಒಲೆ ಇಂದಿಗೂ ಆರಿಲ್ಲವೆಂದು ಅಲ್ಲಿಯವರು ಹೇಳುತ್ತಾರೆ. ಮುಂದೆ 1876ರಿಂದ 1878ರ ವರೆಗಿನ ಘೋರ ಕ್ಷಾಮವು ಮದರಾಸು ಪ್ರಾಂತವನ್ನೂ ನಮ್ಮ ಮೈಸೂರು ಸೀಮೆಯನ್ನೂ ನುಂಗಿತು. ಮೈಸೂರಿನಲ್ಲಿ ಸುಮಾರು ಐದರಲ್ಲೊಂದು ಪಾಲು ಜನ ಮಣ್ಣುಪಾಲಾದರು. ಅಂಥ ಕಾಲ ಬರುವುದಕ್ಕೆ ಒಂಬತ್ತು ವರ್ಷ ಮೊದಲೇ ಈ ಒಲೆ ಹೊತ್ತಿತ್ತು.

ವಳ್ಳಲಾರರು ಅನ್ನವಿಕ್ಕಿ ಸುಮ್ಮನಾದವರಲ್ಲ. ಹಸಿವು ಮನುಷ್ಯನ ಕಣ್ಣು, ಕಿವಿ, ಬುದ್ಧಿ, ಧೈರ್ಯಗಳನ್ನು ಒಂದೊಂದಾಗಿ ಹೇಗೆ ಕುಂದಿಸುತ್ತದೆಂಬುದನ್ನು ಜೀವಕಾರುಣ್ಯದ ಬಗೆಗಿನ ತಮ್ಮ ಗದ್ಯಗ್ರಂಥದಲ್ಲಿ ವೈದ್ಯರಂತೆ ವಿವರಿಸಿದರು. ಹಸಿದು ಬಂದವನ ದೇಶ, ಮತ, ಜಾತಿ, ನಡತೆ ಯಾವುದನ್ನೂ ವಿಚಾರಿಸದೆ ಮೊದಲು ಉಣಿಸಬೇಕೆಂಬುದು ಅವರ ಕಟ್ಟಳೆ. ತಾವು ಮಾಂಸಾಹಾರವನ್ನು ಬಲವಾಗಿ ವಿರೋಧಿಸಿದರೂ, ಮಾಂಸ ತಿನ್ನುವವನು ಹಸಿದು ಬಂದರೆ ಅವನಿಗೂ ಅನ್ನ ಉಂಟು. ಮದುವೆ ಮೊದಲಾದ ಶುಭಕಾರ್ಯಗಳಲ್ಲಿ ಆಡಂಬರಕ್ಕೆ ಸುರಿಯುವ ಹಣದಲ್ಲಿ ಹಸಿದವರಿಗೆ ಉಣಿಸಿರೆಂದು ಗೃಹಸ್ಥರಿಗೆ ತಿಳಿಹೇಳಿದರು.

ಏನನ್ನು, ಹೇಗೆ ಉಣ್ಣಬೇಕೆಂಬುದನ್ನೂ ಅವರು ನಿತ್ಯಕರ್ಮದ ವಿಧಿಗಳಲ್ಲಿ ಬರೆದಿಟ್ಟರು. ಮಿತವಾಗಿ ಉಣ್ಣಬೇಕು, ಹಳಸಿದ ಪಲ್ಯ ಕೂಡದು, ಬಿಸಿನೀರನ್ನು ಕುಡಿಯಬೇಕು. ಹುಣಿಸೆ, ಮೆಣಸಿನಕಾಯಿ ಕಡಿಮೆ ಮಾಡಿ ಕಾಳುಮೆಣಸು, ಜೀರಿಗೆಗಳನ್ನು ಹೆಚ್ಚು ಬಳಸಬೇಕು. ಬದನೆ, ನುಗ್ಗೆ, ಹೀರೆ, ಪಡವಲಗಳು ಒಳ್ಳೆಯವು. ನುಗ್ಗೆಸೊಪ್ಪು, ಹೊನಗನ್ನೆ ಸೊಪ್ಪು ಮೊದಲಾದ ಸೊಪ್ಪುಗಳನ್ನು ತಿನ್ನಬೇಕು. ಇವೆಲ್ಲ ಸಾಹುಕಾರರ ಅಂಗಡಿಯ ಸರಕಲ್ಲ. ಬಡವನ ಹಿತ್ತಿಲಲ್ಲಿ, ಗದ್ದೆಯ ಬದುವಿನಲ್ಲಿ ಬೆಳೆಯುವಂಥವು. ಗಿಡಮೂಲಿಕೆಗಳ ಗುಣಗಳ ಪಟ್ಟಿಯನ್ನೂ ಅವರು ಮಾಡಿದರು. ಗೆಡ್ಡೆಗಳನ್ನು ಬಹುಮಟ್ಟಿಗೆ ಬಿಡಿರೆಂಬಂಥ ಕೆಲವು ಮಾತುಗಳನ್ನು ಇಂದಿನ ಆಹಾರಶಾಸ್ತ್ರ ಒಪ್ಪದಿರಬಹುದು. ಆದರೆ ನುಗ್ಗೆಸೊಪ್ಪಿನಲ್ಲಿ ಕಬ್ಬಿಣ, ಸುಣ್ಣದಂಶ, ಎ ಜೀವಸತ್ವಕ್ಕೆ ಮೂಲವಾದ ಸತ್ವ ಇವೆಲ್ಲ ಹೇರಳವಾಗಿರುವುದನ್ನು ಅದೇ ಶಾಸ್ತ್ರ ಎತ್ತಿ ಹೇಳುತ್ತದೆ. ಸೊಪ್ಪಿಗೆ ಒಂದಿಷ್ಟು ತುಪ್ಪವನ್ನೋ ಎಣ್ಣೆಯನ್ನೋ ಸೇರಿಸಿದರೆ ಆ ಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ.

1872ನೆಯ ಇಸವಿ ಜನವರಿ 25ರಂದು ವಡಲೂರಿನಲ್ಲಿ ಸತ್ಯಜ್ಞಾನ ಸಭೆಯ ಆಲಯ ತೆರೆಯಿತು. ತಮ್ಮ ಮಾತನ್ನು ಕೇಳಿ ನಡೆದವರು ಕೆಲವರೇ ಎಂಬ ಕೊರಗು ಕಡೆಗಾಲದಲ್ಲಿ ಅವರಿಗಿತ್ತು. 1874ನೆಯ ಇಸವಿ ಜನವರಿ 30ರಂದು ಮೇಟ್ಟುಕುಪ್ಪದ ಕೋಣೆಯೊಂದನ್ನು ಹೊಕ್ಕು ಬಾಗಿಲು ಹಾಕಿಕೊಂಡರು. ಮತ್ತೆ ಅವರನ್ನು ಯಾರೂ ಕಾಣಲಿಲ್ಲ. ಜ್ಯೋತಿಯಲ್ಲಿ ಬೆರೆತರೆಂದು ಭಕ್ತರ ನಂಬಿಕೆ.

ಬಸವಣ್ಣನವರ ದಾಸೋಹವನ್ನು ಬಲ್ಲ ಕನ್ನಡಿಗರಿಗೆ ಈ ಚರಿತ್ರೆ ಹೊರಗಿನದೆನಿಸದು. ಆದರೆ ಅದನ್ನು ಓದಿ ಮಡಿಸಿಟ್ಟರೆ ಸಾಲದು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ನಮ್ಮ ಮನೆಗಳೂ ಇದಕ್ಕೆ ಹೊರತಲ್ಲ. ನಮ್ಮ ಹಿರಿಯರು ಊರಿನಲ್ಲಿ ರಾಗಿಮುದ್ದೆ, ಬಸ್ಸಾರು, ಉಪ್ಪೆಸರುಗಳನ್ನು ಉಂಡು ಗಟ್ಟಿಮುಟ್ಟಾಗಿದ್ದರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿರುವುದು ಅದರ ಅತ್ಯಲ್ಪ ಪಾಲು. ಪಟ್ಟಣ ಸೇರಿದ ಮೇಲೆ ರಾಗಿಯೂ ಸೊಪ್ಪೂ ಬಡತನದ ಗುರುತೆಂದು ನಾಚಿ, ಬಿಳಿ ಅನ್ನವನ್ನೂ ಪೊಟ್ಟಣದ ತಿಂಡಿಯನ್ನೂ ಮಕ್ಕಳ ಮುಂದಿಡುತ್ತಿದ್ದೇವೆ. ರಜೆಗೆ ಊರಿಗೆ ಹೋದಾಗ ಅದೇ ನಾಚಿಕೆಯನ್ನು ಹಳ್ಳಿಗೂ ಹೊತ್ತೊಯ್ದು, ಅಲ್ಲಿಯ ಮಕ್ಕಳ ಕೈಗೆ ಅದೇ ಪೊಟ್ಟಣ ಕೊಡುತ್ತೇವೆ. ಹೀಗೆ ತಪ್ಪು ಪಾಠ ಕಲಿಸುತ್ತಿರುವವರು ನಾವೇ.

ಆದುದರಿಂದ ಈ ನವೆಂಬರಿನಲ್ಲಿ ಧ್ವಜವೇರಿಸಿ, ನಾಡಗೀತೆ ಹಾಡಿ, ಸಹಭೋಜನಕ್ಕೆ ಕುಳಿತಾಗ ಎಲೆಯ ಮೇಲೆ ಮುದ್ದೆಯೂ ನುಗ್ಗೆಸೊಪ್ಪಿನ ಪಲ್ಯವೂ ಇರಲಿ. ನೆರೆಯ ತಮಿಳು ಬಾಂಧವರನ್ನೂ, ಕೆಲಸವನ್ನರಸಿ ಮೊನ್ನೆ ಮೊನ್ನೆ ಬಂದ ಉತ್ತರದ ಕೂಲಿಯವರನ್ನೂ ಪಂಕ್ತಿಗೆ ಕರೆಯೋಣ. ಅವರು ಯಾವ ದೇಶದವರೆಂದು ಊಟಕ್ಕೆ ಮುಂಚೆ ಕೇಳದಿರೋಣ. ನಾವು ಬಂದಾಗ ಈ ಊರು ನಮಗೆ ಅನ್ನ ಕೊಟ್ಟಿತು. ಆ ಋಣವನ್ನು ತೀರಿಸಲು ನಮಗೆ ಇದಕ್ಕಿಂತ ನೇರವಾದ ದಾರಿ ತೋರುತ್ತಿಲ್ಲ.