ಕೀಟಶಾಸ್ತ್ರಜ್ಞ ಫ್ಯಾಬ್ರಿಸಿಯಸ್

ಹತ್ತಿಯ ಕಾಯಿ ಒಡೆಯುವ ಕಾಲದಲ್ಲಿ ಹೊಳಲ್ಕೆರೆಯ ಕಡೆಯ ಹತ್ತಿ ಹೊಲವೊಂದನ್ನು ಹೊಕ್ಕು ನೋಡಿದರೆ, ಅರಳೆಯ ಮೇಲೆ ಗುಂಪುಗುಂಪಾಗಿ ಕುಳಿತ ಕೆಂಪು ತಿಗಣೆಗಳು ಕಾಣಬಹುದು. ಅವು ಎಲೆಯನ್ನು ಕಡಿಯುವುದಿಲ್ಲ, ಅರಳೆಯನ್ನು ತಿನ್ನುವುದಿಲ್ಲ. ಸೂಜಿಯಂತಹ ಕೊಕ್ಕನ್ನು ಬೀಜದೊಳಕ್ಕೆ ಚುಚ್ಚಿ, ಜೊಲ್ಲಿನಿಂದ ತಿರುಳನ್ನು ಕರಗಿಸಿ ಹೀರುತ್ತವೆ. ಬೀಜ ಜೊಳ್ಳಾಗುತ್ತದೆ, ಅರಳೆಗೆ ಕಲೆ ಹತ್ತುತ್ತದೆ. ಈ ಕೀಟಕ್ಕೆ ಶಾಸ್ತ್ರೀಯ ನಾಮವನ್ನಿತ್ತವನು ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರಿಸಿಯಸ್.

ಫ್ಯಾಬ್ರಿಸಿಯಸ್ 1745ರ ಜನವರಿ 7ರಂದು, ಇಂದು ಡೆನ್ಮಾರ್ಕಿಗೆ ಸೇರಿರುವ ಟೋಂಡರ್ ಎಂಬ ಊರಿನಲ್ಲಿ ವೈದ್ಯನೊಬ್ಬನ ಮಗನಾಗಿ ಜನಿಸಿದನು. 1762ರಲ್ಲಿ ಸ್ವೀಡನ್ನಿನ ಉಪ್ಸಾಲಕ್ಕೆ ತೆರಳಿ, ಮಹಾವಿಜ್ಞಾನಿ ಲಿನ್ನೇಯಸನ ಬಳಿ ಎರಡು ವರ್ಷ ಅಭ್ಯಾಸ ಮಾಡಿದನು. ಲಿನ್ನೇಯಸನು ಕೀಟಗಳನ್ನು ಮುಖ್ಯವಾಗಿ ರೆಕ್ಕೆಗಳ ಆಧಾರದಿಂದ ವಿಂಗಡಿಸಿದ್ದನು. ಗುರುವಿನಲ್ಲಿ ಅಪಾರ ಭಕ್ತಿಯಿದ್ದರೂ ಶಿಷ್ಯನು ಬೇರೊಂದು ದಾರಿ ಹಿಡಿದನು. ಕೀಟವು ಏನನ್ನು, ಹೇಗೆ ತಿನ್ನುವುದೆಂಬುದನ್ನು ತಿಳಿಸುವುದು ಅದರ ಬಾಯಿ. ಆದ್ದರಿಂದ ವಿಂಗಡಣೆಗೂ ಬಾಯಿಯೇ ಆಧಾರವಾಗಬೇಕೆಂದು ಅವನು ಬಗೆದನು. ಇದು ಸುಲಭದ ದಾರಿಯಾಗಿರಲಿಲ್ಲ. ಕೀಟದ ಬಾಯಿಯ ಅಂಗಗಳು ಅತಿ ಸೂಕ್ಷ್ಮವಾದುವು. ಅವುಗಳ ಪರೀಕ್ಷೆಗೆ ಅಪಾರ ತಾಳ್ಮೆ ಬೇಕು. ಆ ತಾಳ್ಮೆಯ ಫಲವಾಗಿ 1775ರಲ್ಲಿ ಅವನ ಮೊದಲ ಮಹಾಗ್ರಂಥ ಪ್ರಕಟವಾಯಿತು.

ಫ್ಯಾಬ್ರಿಸಿಯಸ್ ಭಾರತವನ್ನು ಕಂಡವನಲ್ಲ. ಲಿನ್ನೇಯಸನ ಮತ್ತೊಬ್ಬ ಶಿಷ್ಯ ಕೋನಿಗ್ ಎಂಬ ವೈದ್ಯನು 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದು, ಇಲ್ಲಿನ ಗಿಡಗಳನ್ನೂ ಕೀಟಗಳನ್ನೂ ಸಂಗ್ರಹಿಸಿ ಯೂರೋಪಿಗೆ ಕಳುಹಿಸುತ್ತಿದ್ದನು. ಆ ಗ್ರಂಥದಲ್ಲಿಯೇ ಫ್ಯಾಬ್ರಿಸಿಯಸ್ ನಮ್ಮ ಕೆಂಪು ತಿಗಣೆಗೆ ಕೋನಿಗನ ಹೆಸರನ್ನಿಟ್ಟನು. ಆ ಹೆಸರು ಇಂದಿಗೂ ಉಳಿದಿದೆ.

ಅದೇ 1775ರಲ್ಲಿ ಅವನು ಕೀಲ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. ಅಲ್ಲಿ ಪ್ರಕೃತಿವಿಜ್ಞಾನದೊಂದಿಗೆ ಅರ್ಥಶಾಸ್ತ್ರವನ್ನೂ ಬೋಧಿಸಿದನು. ಲಂಡನ್, ಪ್ಯಾರಿಸ್ ಮೊದಲಾದ ನಗರಗಳಿಗೆ ಮತ್ತೆ ಮತ್ತೆ ಪ್ರಯಾಣ ಮಾಡಿ, ಇತರರ ಸಂಗ್ರಹಗಳನ್ನು ಪರೀಕ್ಷಿಸಿದನು. ಸುಮಾರು 10,000 ಕೀಟಗಳಿಗೆ ಹೆಸರಿಟ್ಟು, 1808ರ ಮಾರ್ಚ್ 3ರಂದು ಕೀಲ್ ನಗರದಲ್ಲಿ ಕಾಲವಾದನು.

ಮುಂದಿನ ವಿದ್ವಾಂಸರು ಅವನ ವಿಂಗಡಣೆಯನ್ನು ಬಹುಮಟ್ಟಿಗೆ ತಿದ್ದಿದರು. ಬಾಯಿಯೊಂದೇ ಸಾಲದು; ರೆಕ್ಕೆ, ಬೆಳವಣಿಗೆ, ವಂಶವಾಹಿ ಎಲ್ಲವನ್ನೂ ನೋಡಬೇಕೆಂದು ಇಂದು ತಿಳಿದಿದೆ. ಆದರೂ 1794ರಲ್ಲಿ ಅವನು ಗುರುತಿಸಿದ ಲೈಗಿಯಸ್ ಎಂಬ ಕುಲದಿಂದಲೇ ಬೀಜ ಹೀರುವ ತಿಗಣೆಗಳ ಒಂದು ದೊಡ್ಡ ಕುಟುಂಬ ಹೆಸರು ಪಡೆದಿದೆ. ಎಲೆಯ ಮೇಲೆ ಬಳಿದ ವಿಷವನ್ನು ಎಲೆ ಕಡಿಯುವ ಹುಳು ತಿಂದು ಸಾಯಬಹುದು. ಒಳಗಿನ ರಸವನ್ನು ಹೀರುವ ತಿಗಣೆಗೆ ಅದು ತಾಗದೆ ಹೋಗಬಹುದು. ಬೆಳೆಯನ್ನು ಕಾಯುವವನು ಮೊದಲು ಕೀಟದ ಬಾಯಿಯನ್ನು ಅರಿಯಬೇಕು. ಫ್ಯಾಬ್ರಿಸಿಯಸನ ಬಾಳಿನ ದುಡಿಮೆ ರೈತನಿಗೆ ಉಳಿಸಿಹೋದ ತಿಳಿವು ಇದೇ.