ಮಣ್ಣಿನ ಮಾತು ಕೇಳಿದ ಟರ್ಜಾಗಿ

ನಮ್ಮ ಸಿವಿಲ್ ಬ್ರಾಂಚ್‌ನಲ್ಲಿ ಟರ್ಜಾಗಿ ಅಂದ್ರೆ ಒಂದು ಈಕ್ವೇಷನ್. ಸೀನಿಯರ್ಸ್ ಅದನ್ನ ಎಕ್ಸಾಂ ಹಿಂದಿನ ರಾತ್ರಿ ಬಾಯಿಪಾಠ ಮಾಡ್ತಾರೆ, ಮುಂದಿನ ವರ್ಷ ನಾವೂ ಮಾಡ್ತೀವಿ. ಆ ಹೆಸರಿನ ಹಿಂದೆ ಎಂಥಾ ಬದುಕಿತ್ತು ಅಂತ ನಮಗೆ ಗೊತ್ತಾಗಿದ್ದು ಈಚೆಗೆ. ತಪ್ಪು ಬ್ರಾಂಚ್ ತಗೊಂಡ್ವಿ ಅಂತ ಕೊರಗೋ ಗೆಳೆಯರೂ ಇದನ್ನ ಓದಬೇಕು.

ಕಾರ್ಲ್ ಟರ್ಜಾಗಿ ಹುಟ್ಟಿದ್ದು 1883ರ ಅಕ್ಟೋಬರ್ 2ರಂದು, ಪ್ರಾಗ್ ನಗರದಲ್ಲಿ. ತಂದೆ ಸೈನ್ಯದ ಅಧಿಕಾರಿ. ಮಗ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಸೇರಿದ್ದು ಮೆಕ್ಯಾನಿಕಲ್‌ಗೆ! ಅಲ್ಲಿ ತರಲೆ ಎಷ್ಟು ಜಾಸ್ತಿ ಆಯ್ತು ಅಂದ್ರೆ ಕಾಲೇಜಿನಿಂದ ಹೊರಹಾಕೋ ಹಂತಕ್ಕೆ ಬಂದಿತ್ತು. ಒಬ್ಬ ಪ್ರೊಫೆಸರ್ ಅವರ ಪರ ನಿಂತು ಉಳಿಸಿದರು. 1904ರಲ್ಲಿ ಡಿಗ್ರಿ ಮುಗೀತು. ಆದರೆ ಮನಸ್ಸು ಎಳೀತಿದ್ದದ್ದು ಭೂವಿಜ್ಞಾನದ ಕಡೆಗೆ.

ಆಮೇಲೆ ಸೈಟ್ ಕೆಲಸಕ್ಕೆ ಇಳಿದರು. ಆ ಕಾಲದಲ್ಲಿ ಉಕ್ಕಿನ ಸೇತುವೆಗೆ ಪಕ್ಕಾ ಲೆಕ್ಕ ಇತ್ತು. ಅದೇ ಸೇತುವೆ ನಿಲ್ಲೋ ನೆಲಕ್ಕೆ ಇದ್ದದ್ದು ಬರೀ ಅನುಭವ ಮತ್ತು ಅಂದಾಜು. ಅಂದಾಜು ತಪ್ಪಿದರೆ ಕಟ್ಟಡ ವಾಲುತ್ತಿತ್ತು, ಅಣೆಕಟ್ಟು ಒಡೆಯುತ್ತಿತ್ತು, ಜನ ಸಾಯುತ್ತಿದ್ದರು. ಇದಕ್ಕೊಂದು ನಿಯಮ ಸಿಗಬಹುದು ಅಂತ 1912ರಲ್ಲಿ ಅಮೆರಿಕಕ್ಕೆ ಹೋಗಿ, ಒಂದೊಂದೇ ಅಣೆಕಟ್ಟಿನ ಜಾಗ ಸುತ್ತಿ ಮಾಹಿತಿ ಸೇರಿಸಿದರು. ರಾಶಿ ಮಾಹಿತಿ ಸಿಕ್ಕಿತು, ನಿಯಮ ಸಿಗಲಿಲ್ಲ. ಯಾಕಂದ್ರೆ ಎಲ್ಲರೂ ಮಣ್ಣಿಗೆ ಮರಳು, ಜೇಡಿ ಅಂತ ಹೆಸರು ಕೊಡ್ತಿದ್ದರೇ ಹೊರತು ಅದರ ಗುಣವನ್ನ ಯಾರೂ ಅಳೆದಿರಲಿಲ್ಲ. ಬೇಜಾರಿನಲ್ಲೇ ಯೂರೋಪಿಗೆ ವಾಪಸ್ ಬಂದರು.

ಮಹಾಯುದ್ಧದ ನಡುವೆ, 1916ರಲ್ಲಿ, ಪಾಠ ಮಾಡೋಕೆ ಇಸ್ತಾಂಬುಲ್‌ಗೆ ಹೋದರು. ಯುದ್ಧದಲ್ಲಿ ಅವರ ದೇಶ ಸೋತಿತು, ಆ ಕೆಲಸವೂ ಹೋಯಿತು. ಅದೇ ಊರಿನ ರಾಬರ್ಟ್ ಕಾಲೇಜು ಕರೆದು ಕೆಲಸ ಕೊಟ್ಟಿತು. ಲ್ಯಾಬ್ ಅಂತ ದೊಡ್ಡದೇನೂ ಇರಲಿಲ್ಲ. ಸಿಗಾರ್ ಪೆಟ್ಟಿಗೆ, ಹಳೇ ಸಾಮಾನು ಸೇರಿಸಿ ತಾವೇ ಉಪಕರಣ ಮಾಡಿಕೊಂಡು ವರ್ಷಗಟ್ಟಲೆ ಮಣ್ಣನ್ನ ಒತ್ತಿ ಒತ್ತಿ ನೋಡಿದರು.

ಅವರಿಗೆ ಹೊಳೆದದ್ದನ್ನ ನಮ್ಮ ಅಡುಗೆಮನೆ ಭಾಷೆಯಲ್ಲಿ ಹೇಳಬಹುದು. ಶ್ರೀಖಂಡಕ್ಕೆ ಮೊಸರನ್ನ ಬಟ್ಟೆಯಲ್ಲಿ ಕಟ್ಟಿ ಮೇಲೆ ಭಾರ ಇಡ್ತೀವಲ್ಲ, ನೀರು ನಿಧಾನಕ್ಕೆ ಇಳಿದು ಮೊಸರು ಗಟ್ಟಿಯಾಗುತ್ತೆ. ನೀರು ತುಂಬಿದ ಜೇಡಿಮಣ್ಣೂ ಹಾಗೇ. ಮೇಲೆ ಕಟ್ಟಡ ಬಂದಾಗ ಆ ಹೆಚ್ಚಿನ ಭಾರವನ್ನ ಮೊದಲು ಹೊರೋದು ಕಣಗಳ ನಡುವಿನ ನೀರು. ನೀರು ಹೊರಗೆ ಹೋದಂತೆ ಭಾರ ಕಣಗಳ ಮೇಲೆ ಬೀಳುತ್ತೆ, ಕಣಗಳು ಹತ್ತಿರವಾಗ್ತವೆ, ಕಟ್ಟಡ ಕುಸಿಯುತ್ತೆ. ಜೇಡಿಯ ಪದರ ಎರಡು ಪಟ್ಟು ದಪ್ಪ ಇದ್ದರೆ ಇದಕ್ಕೆ ನಾಲ್ಕು ಪಟ್ಟು ಸಮಯ ಬೇಕು. ಕಟ್ಟಿ ಎಷ್ಟೋ ವರ್ಷ ಆದಮೇಲೂ ಗೋಡೆ ಬಿರುಕು ಬಿಡೋದಕ್ಕೆ ಇದೂ ಒಂದು ಕಾರಣ. ನೀರು ಹರಿಯೋ ವೇಗದ ಇದೇ ವ್ಯತ್ಯಾಸದಿಂದ ಮರಳು ನೆಲದಲ್ಲಿ ಶೌಚದ ಇಂಗುಗುಂಡಿ ಬೇಗ ನೀರು ಕುಡಿಯುತ್ತೆ, ಜೇಡಿ ನೆಲದಲ್ಲಿ ತುಂಬಿ ನಿಲ್ಲುತ್ತೆ.

1923ರಲ್ಲಿ ಈ ಸಿದ್ಧಾಂತ, 1925ರಲ್ಲಿ ಪುಸ್ತಕ. ಮಣ್ಣಿನ ಯಂತ್ರಶಾಸ್ತ್ರ ಅನ್ನೋ ಸಬ್ಜೆಕ್ಟ್ ನಿಜವಾಗಿ ಶುರುವಾಗಿದ್ದು ಅಲ್ಲಿಂದ. ಅಮೆರಿಕದ ಎಂಐಟಿ ಕರೆಯಿತು, 1929ರಲ್ಲಿ ವಿಯೆನ್ನಾ ಕರೆಯಿತು.

ಇಲ್ಲೊಂದು ನೋವಿನ ಪುಟವೂ ಇದೆ. ವಿಯೆನ್ನಾದಲ್ಲೇ ಪ್ರೊಫೆಸರ್ ಆಗಿದ್ದ ಪಾಲ್ ಫಿಲ್ಲುಂಗರ್, ಟರ್ಜಾಗಿಯವರ ಸಿದ್ಧಾಂತವೇ ತಪ್ಪು ಅಂತ ಕಟುವಾದ ಕಿರುಪುಸ್ತಕ ಹಂಚಿದರು. ವಿಚಾರಣೆ ನಡೆದು ಸಮಿತಿ ಟರ್ಜಾಗಿ ಪರ ನಿಂತಿತು. 1937ರಲ್ಲಿ ಫಿಲ್ಲುಂಗರ್ ಮತ್ತು ಅವರ ಪತ್ನಿ ಜೀವ ಕಳೆದುಕೊಂಡರು. ಫಿಲ್ಲುಂಗರ್ ಅವರ ಗಣಿತದಲ್ಲೂ ಹುರುಳಿತ್ತು ಅಂತ ನಂತರದವರು ಒಪ್ಪಿದರು. ಒಂದು ಈಕ್ವೇಷನ್ ಜಗಳ ಎರಡು ಜೀವದ ತನಕ ಹೋಗಬಾರದಿತ್ತು.

1938ರಲ್ಲಿ ಟರ್ಜಾಗಿ ಅಮೆರಿಕಕ್ಕೆ ಹೋಗಿ ಹಾರ್ವರ್ಡ್ ಸೇರಿದರು. ಹೆಸರು ಬಂದಮೇಲೂ ತಮ್ಮ ಸೂತ್ರವನ್ನ ಅವರು ಕಣ್ಣು ಮುಚ್ಚಿ ನಂಬಲಿಲ್ಲ. ಲ್ಯಾಬಿನ ಸ್ಯಾಂಪಲ್ ಬೇರೆ, ಸೈಟಿನ ನೆಲ ಬೇರೆ. ಕಟ್ಟುತ್ತಾ ಅಳೀಬೇಕು, ಅಂದಾಜು ತಪ್ಪಿದರೆ ಡಿಸೈನ್ ಬದಲಿಸಬೇಕು ಅನ್ನೋದು ಅವರ ದಾರಿ. ಕೆನಡಾದ ಮಿಷನ್ ಅಣೆಕಟ್ಟಿನ ತಳದಲ್ಲಿ ಕುಸಿಯೋ ಜೇಡಿ ಇತ್ತು. ಕುಸಿಯುತ್ತೆ ಅಂತ ಗೊತ್ತಿದ್ದೇ, ಅದಕ್ಕೆ ತಕ್ಕ ಹಾಗೆ ಕಟ್ಟಿಸಿದರು. 1963ರಲ್ಲಿ, 80 ತುಂಬಿದ ತಿಂಗಳಲ್ಲೇ ತೀರಿಕೊಂಡರು. ಎರಡು ವರ್ಷದ ನಂತರ ಆ ಅಣೆಕಟ್ಟಿಗೆ ಅವರದೇ ಹೆಸರಿಟ್ಟರು.

ನಮ್ಮ ಲ್ಯಾಬಿನಲ್ಲೂ ಮಣ್ಣು ಒತ್ತೋ ಆ ಉಪಕರಣ ಇದೆ. ಒಂದೊಂದು ಭಾರಕ್ಕೂ 24 ಗಂಟೆ ಕಾಯಬೇಕು. ಅಷ್ಟು ಯಾರು ಕಾಯ್ತಾರೆ ಅಂತ ಹಳೇ ಬ್ಯಾಚಿನ ರೆಕಾರ್ಡ್ ನೋಡಿ ರೀಡಿಂಗ್ ಬರೆಯೋ ಅಭ್ಯಾಸವೂ ಇದೆ. ಮುಂದಿನ ವರ್ಷ ನಮ್ಮ ಸರದಿ. ನಾವಂತೂ ಕಾಯೋಣ ಅಂತ ಮಾತಾಡಿಕೊಂಡಿದ್ದೀವಿ.