ಚಹಾ ಪಾತ್ರೆಯ ಕುಂಬಾರ ವೆಜ್‌ವುಡ್

ಹಳೆಯ ಇಂಗ್ಲಿಷ್ ಚಹಾ ಪಾತ್ರೆಗಳ ಮಾತು ಬಂದಲ್ಲಿ ಜೋಸಿಯಾ ವೆಜ್‌ವುಡ್ಡನ ಹೆಸರು ಬಾರದಿರದು. 1730ರಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್ ಪ್ರಾಂತದ ಬರ್ಸ್ಲೆಂ ಎಂಬಲ್ಲಿ, ಕುಂಬಾರರ ಮನೆತನದಲ್ಲಿ ಆತನ ಜನನ. ಎಳವೆಯಲ್ಲೇ ತಂದೆ ತೀರಿಕೊಂಡ. ಬಳಿಕ ಬಂದ ಸಿಡುಬು ಹುಡುಗನ ಜೀವವನ್ನು ಬಿಟ್ಟಿತು, ಬಲ ಮೊಣಕಾಲನ್ನು ಬಿಡಲಿಲ್ಲ. ಕಾಲಿನಿಂದ ತುಳಿದು ತಿರುಗಿಸುವ ತಿಗರಿ ಆತನಿಗೆ ಒಗ್ಗದಾಯಿತು. ತಿಗರಿ ತಪ್ಪಿದ ಕುಂಬಾರ ಮಣ್ಣು, ಮೆರುಗು, ಬೆಂಕಿಗಳ ಪರೀಕ್ಷೆಗೆ ಇಳಿದ. ಒಂದೊಂದು ಪ್ರಯೋಗವನ್ನೂ ಪುಸ್ತಕದಲ್ಲಿ ಬರೆದಿಟ್ಟ.

ಹಾಗೆ ಹದಗೊಂಡದ್ದು ಕೆನೆಬಣ್ಣದ ತೆಳುವಾದ ಪಾತ್ರೆ. ಕುದಿನೀರು ಹೊಯ್ದರೂ ಬಿರಿಯದು. 1765ರಲ್ಲಿ ರಾಣಿ ಶಾರ್ಲೆಟ್ ಅದರ ಚಹಾ ಸೆಟ್ಟೊಂದನ್ನು ತರಿಸಿಕೊಂಡದ್ದೇ ತಡ, ವೆಜ್‌ವುಡ್ ಅದಕ್ಕೆ ರಾಣಿಯ ಹೆಸರನ್ನೇ ಇಟ್ಟು ಮಾರಿದ. ವ್ಯಾಪಾರದ ಈ ಜಾಣತನದಲ್ಲಿ ಆತ ಯಾರಿಗೂ ಕಡಿಮೆಯಲ್ಲ.

ಆದರೆ ಪಾತ್ರೆಗೆ ಚಿತ್ರ ಬೇಕು. ಕೈಯಿಂದ ಬರೆಯಿಸಿದರೆ ದುಬಾರಿ. ಲಿವರ್‌ಪೂಲಿನ ಸ್ಯಾಡ್ಲರ್ ಮತ್ತು ಗ್ರೀನ್ ಎಂಬಿಬ್ಬರಿಗೆ ಬೇರೆ ಉಪಾಯ ತಿಳಿದಿತ್ತು: ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಮಸಿ ತುಂಬಿ, ತೆಳು ಕಾಗದಕ್ಕೆ ಇಳಿಸಿ, ಆ ಕಾಗದವನ್ನು ಪಾತ್ರೆಗೆ ಒತ್ತಿ ಮತ್ತೆ ಸುಡುವುದು. ಒಂದೇ ತಗಡಿನಿಂದ ಎಷ್ಟೋ ಟೀಪಾಟುಗಳಿಗೆ ಒಂದೇ ಚಿತ್ರ! 1761ರಿಂದ ವೆಜ್‌ವುಡ್ ತನ್ನ ಬರಿಯ ಪಾತ್ರೆಗಳನ್ನು ಕೆಟ್ಟ ರಸ್ತೆಯಲ್ಲಿ ಅಲ್ಲಿಗೆ ಕಳುಹತೊಡಗಿದ. ದಾರಿಯಲ್ಲಿ ಒಡೆದು ಹೋಗುವ ಸರಕಿನ ಚಿಂತೆಯಿಂದಲೇ ಕಾಲುವೆಗಾಗಿ ಓಡಾಡಿದ. 1766ರಲ್ಲಿ ಅದರ ಮೊದಲ ಮಣ್ಣನ್ನು ಅಗೆದವನೂ ಆತನೇ. ಮೆರುಗಿನ ಮೇಲೆ ಒತ್ತಿದ ಈ ಚಿತ್ರ ತಿಕ್ಕಿ ತೊಳೆದಂತೆ ಸವೆಯುತ್ತಿತ್ತು. ಮೆರುಗಿನ ಅಡಿಯಲ್ಲಿ ನೀಲಿ ಚಿತ್ರ ನಿಲ್ಲಿಸುವುದನ್ನು 1784ರ ಸುಮಾರಿಗೆ ಹದಕ್ಕೆ ತಂದ ಕೀರ್ತಿ ಜೋಸಿಯಾ ಸ್ಪೋಡನದು. ಅದನ್ನು ವೆಜ್‌ವುಡ್ಡನಿಗೆ ಕಟ್ಟುವುದು ಸರಿಯಲ್ಲ.

1762ರಲ್ಲಿ ಲಿವರ್‌ಪೂಲಿಗೆ ಹೋಗುವಾಗ ಕೆಟ್ಟ ಮೊಣಕಾಲಿಗೆ ಪೆಟ್ಟಾಗಿ ವಾರಗಟ್ಟಲೆ ಅಲ್ಲೇ ಮಲಗಬೇಕಾಯಿತು. ಆಗ ಪರಿಚಯವಾದವನು ವರ್ತಕ ಥಾಮಸ್ ಬೆಂಟ್ಲಿ. ಮುಂದೆ ಪಾಲುದಾರ, ಪ್ರಾಣಸ್ನೇಹಿತ. 1768ರಲ್ಲಿ ಆ ಕಾಲನ್ನು ಕತ್ತರಿಸಲಾಯಿತು. ಅರಿವಳಿಕೆ ಇಲ್ಲದ ಕಾಲವದು. ಮರದ ಕಾಲಿನಲ್ಲೇ ಆತ ಮರುವರ್ಷ ಎಟ್ರುರಿಯಾ ಕಾರ್ಖಾನೆ ತೆರೆದ.

ಪಾತ್ರೆಗೆ ಚಿತ್ರ ಒತ್ತುತ್ತಿದ್ದ ಲಿವರ್‌ಪೂಲೇ ಆಫ್ರಿಕಾದ ಗುಲಾಮರ ವ್ಯಾಪಾರಕ್ಕೆ ದೊಡ್ಡ ಬಂದರು. ಇಂಗ್ಲಿಷರ ಚಹಾಕ್ಕೆ ಬೀಳುತ್ತಿದ್ದ ಸಕ್ಕರೆಯೂ ವೆಸ್ಟ್ ಇಂಡೀಸಿನ ಗುಲಾಮರ ಬೆವರಿನದು. ಚಹಾದ ಚಟ ಬೆಳೆದಷ್ಟೂ ಕುಂಬಾರನಿಗೆ ಲಾಭ. ಅಂಥವನು ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬೆಂಟ್ಲಿ ಆ ವ್ಯಾಪಾರವನ್ನು ಖಂಡಿಸುತ್ತಿದ್ದವನು. 1780ರಲ್ಲಿ ಆತ ತೀರಿಕೊಂಡ. 1787ರಲ್ಲಿ ವೆಜ್‌ವುಡ್ ಸಂಕೋಲೆ ತೊಟ್ಟು ಮಂಡಿಯೂರಿದ ಗುಲಾಮನ ಪುಟ್ಟ ಪದಕವನ್ನು ತನ್ನ ಆವಿಗೆಯಲ್ಲಿ ಸುಡಿಸಿ ಪುಕ್ಕಟೆ ಹಂಚಿದ. ಹೆಂಗಸರು ಅದನ್ನು ಕೈಬಳೆಗೆ, ಮುಡಿಗೆ ಸೇರಿಸಿಕೊಂಡರು. ಒಂದು ಕಟ್ಟು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನಿಗೂ ಹೋಯಿತು.

1795ರ ಜನವರಿ 3ರಂದು ವೆಜ್‌ವುಡ್ ಎಟ್ರುರಿಯಾದಲ್ಲಿ ನಿಧನನಾದ. ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ.